ಕಸದ ಬುಟ್ಟಿಗೆ ಬಿದ್ದ ಸಣ್ಣ ವೃತ್ತಗಳು

ನನ್ನ ಮೂರು ಕಿವಿಯ ಮಹಾರಾಯನಿಗೆ,

ನೆಂಟರ ಮುಂದೆ ‘ರೀ’, ಮನೆಯೊಳಗೆ ‘ಲೋ’ ಅನ್ನುವುದು ನನ್ನ ರೂಢಿ. ಈ ಕಾಗದದಲ್ಲಿ ಯಾವುದನ್ನು ಹಿಡಿಯಲಿ ಎಂದು ಯೋಚಿಸುವುದರಲ್ಲೇ ಒಂದು ಲೋಟ ಚಹಾ ತಣ್ಣಗಾಯಿತು. ಯಾಕೆಂದರೆ ಇದು ನಿನ್ನ ಕೈ ಸೇರುವ ಮೊದಲು, ನಮ್ಮ ಉತ್ತರಗಳ ಪೆಟ್ಟಿಗೆಗೆ ಬೀಗ ಹಾಕಿ ಕಾಯುವ ಬೀಗದಮ್ಮ ಒಡೆದು ಓದುತ್ತಾರೆ. ನಮ್ಮ ಎರಡು ತಂಡಗಳ ನಡುವೆ ಓಡಾಡುವ ಚೀಟಿ ಚಪಾಟಿಯನ್ನೂ ಅವರು ಓದದೆ ಬಿಡುವಂತಿಲ್ಲ. ಇರಲಿ, ‘ನೀನು’ ಎಂದೇ ಬರೆಯುತ್ತೇನೆ. ಬೀಗದಮ್ಮ ನಕ್ಕರೆ ನಗಲಿ. ಅವರು ನಕ್ಕಿದ್ದನ್ನು ಕಂಡವರು ಈವರೆಗೆ ಯಾರೂ ಇಲ್ಲ, ಆ ಪುಣ್ಯ ನನಗಾದರೂ ಬರಲಿ.

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಎದ್ದು ಕಿಟಕಿಗೆ ಹೋಗುತ್ತೇನೆ, ಆಂಟೆನಾಗಳನ್ನು ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಬಯಲಿನ ತುಂಬ ಅವು ಗುಂಪು ಗುಂಪಾಗಿ, ಗದ್ದಲ ಮಾಡಬೇಡಿ ಎಂದು ಮೇಷ್ಟ್ರು ಹೇಳಿಹೋದ ತರಗತಿಯ ಹಾಗೆ ನಿಂತಿವೆ. ಇಲ್ಲಿ ಮೊಬೈಲ್ ತರುವ ಹಾಗಿಲ್ಲ, ಅದು ಮಾತಾಡಿದರೆ ಆಂಟೆನಾಗಳಿಗೆ ಆಕಾಶ ಕೇಳಿಸುವುದಿಲ್ಲ. ಪೆಟ್ರೋಲ್ ಗಾಡಿಯ ಕಿಡಿಯೂ ಅವಕ್ಕೆ ಕೇಳಿಸುವುದರಿಂದ ನಮಗಿರುವುದು ಅದೇ ಹಳೆಯ ಡೀಸೆಲ್ ಜೀಪು. ಅದು ಸಂಜೆ ಹೊರಡುತ್ತದೆ. ಅದರಲ್ಲಿ ಎರಡು ಲಕೋಟೆ ಹೋಗಬೇಕು. ಒಂದು ಸಿದ್ಧವಾಗಿದೆ. ಇನ್ನೊಂದು ಇದು.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬುಡದಿಂದ ಶುರು ಮಾಡದಿದ್ದರೆ ನನಗೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಇದು ನಮ್ಮಜ್ಜಿಯಿಂದ ಬಂದ ರೋಗ. ಅವಳು ರಾಜನ ಕಥೆ ಹೇಳಬೇಕಾದರೆ ರಾಜನ ತಾತ ಹುಟ್ಟಿದಲ್ಲಿಂದ ಹೊರಡುತ್ತಿದ್ದಳು, ರಾಜ ಬರುವಷ್ಟರಲ್ಲಿ ನಾವೆಲ್ಲ ಗೊರಕೆ.

ಆಕಾಶದಾಚೆಯಿಂದ ಒಂದು ಕಣ ಬರುತ್ತದೆ. ಎಲ್ಲಿಂದ ಹೊರಟಿತೋ, ಯಾರು ಅಷ್ಟು ಜೋರಾಗಿ ಎಸೆದರೋ ಗೊತ್ತಿಲ್ಲ. ವಿಶ್ವಕಿರಣ ಎಂದು ಹೆಸರಿಟ್ಟಿದ್ದೇವೆ. ಗಾಳಿಗೆ ಬಡಿದು ಅದು ಒಡೆಯುತ್ತದೆ, ಒಡೆದ ಚೂರು ಮತ್ತೆ ಒಡೆಯುತ್ತದೆ, ನೆಲಕ್ಕೆ ಬರುವ ಹೊತ್ತಿಗೆ ಒಂದು ಸುರಿಮಳೆ. ಆ ಮಳೆಯ ಜೊತೆಗೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕದಾದ ಒಂದು ರೇಡಿಯೋ ಸದ್ದು ಬಂದು ಬಯಲಿನ ಮೇಲೆ ವೃತ್ತದಂತೆ ಬೀಳುತ್ತದೆ. ಕಣವನ್ನು ನಾವು ಕಾಣುವುದಿಲ್ಲ. ಅದು ಹಗುರದ್ದೋ ಭಾರದ್ದೋ, ಒಂಟಿ ಪ್ರೋಟಾನೋ ಕಬ್ಬಿಣದಂಥ ದೊಡ್ಡ ಗಂಟೋ ಎನ್ನುವುದನ್ನು ಈ ವೃತ್ತ ನೋಡಿಯೇ ಹೇಳಬೇಕು. ಮಹಡಿಯಿಂದ ನೀರು ಚೆಲ್ಲಿದ ಹಾಗೆ ಎಂದು ನೀನೇ ಹೊಸಬರಿಗೆ ಹೇಳಿಕೊಡುತ್ತಿದ್ದೆ. ಮೇಲಿನ ಮಹಡಿಯಿಂದ ಚೆಲ್ಲಿದರೆ ಅಂಗಳವೆಲ್ಲ ಒದ್ದೆ, ಕೆಳಗಿನ ಮಹಡಿಯಿಂದ ಚೆಲ್ಲಿದರೆ ಒಂದೇ ಕಡೆ ಕೊಚ್ಚೆ. ಭಾರದ ಗಂಟು ಮೇಲೆಯೇ ಬಿಚ್ಚಿಕೊಳ್ಳುತ್ತದೆ, ಅದರ ವೃತ್ತ ಅಗಲ. ಹಗುರದ್ದು ಆಳಕ್ಕೆ ಇಳಿದು ಆಮೇಲೆ ಒಡೆಯುತ್ತದೆ, ಅದರ ವೃತ್ತ ಚಿಕ್ಕದು, ಗಟ್ಟಿ. ಬರುವವು ಹೆಚ್ಚಾಗಿ ಭಾರದವಾದರೆ ನಮ್ಮ ನಕ್ಷತ್ರಗಳ ಕೇರಿಯಿಂದಲೇ ಬಂದಿರಬಹುದು. ಹಗುರದವೇ ಹೆಚ್ಚಾದರೆ ಕೇರಿಯ ಹೊರಗಿನಿಂದ ಯಾರೋ ಎಸೆಯುತ್ತಿದ್ದಾರೆಂದು ಅನುಮಾನಿಸಬೇಕಾಗುತ್ತದೆ. ಭಾರದ್ದೇ ಇರಬೇಕು ಎಂದು ಮೊದಲಿನಿಂದ ಹೇಳುತ್ತ ಬಂದವನು ನೀನು.

ನಾವು ಆಸೆಪಟ್ಟ ಉತ್ತರವನ್ನೇ ಕಂಡುಹಿಡಿದುಬಿಡುತ್ತೇವೆ ಎಂಬ ಭಯಕ್ಕೆ ತಾನೆ ಎರಡು ತಂಡ ಮಾಡಿದ್ದು? ಒಂದೇ ಮಾಹಿತಿ, ಎರಡು ಕೈ. ಎರಡೂ ಕಡೆಯ ಉತ್ತರಕ್ಕೆ ಬೀಗದಮ್ಮ ಒಂದು ಗುಟ್ಟಿನ ಸಂಖ್ಯೆ ಸೇರಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ತೆರೆಯುವ ದಿನ ಎಲ್ಲರೆದುರು ಅದನ್ನು ಕಳೆದಾಗಲೇ ನಮಗೂ ನಿಜವಾದ ಉತ್ತರ ಕಾಣುವುದು. ಅಲ್ಲಿಯವರೆಗೆ ಒಂದು ತಂಡದವರು ಇನ್ನೊಂದು ತಂಡದವರ ಹತ್ತಿರ ಕೆಲಸದ ಮಾತಾಡಕೂಡದು. ಒಂದು ತಂಡಕ್ಕೆ ನನ್ನನ್ನು, ಇನ್ನೊಂದಕ್ಕೆ ನಿನ್ನನ್ನು ಹಾಕಿದಾಗ ಸಭೆಯಲ್ಲಿ ಎಲ್ಲರೂ ನಕ್ಕಿದ್ದರು. ನಾವೂ ನಕ್ಕೆವು.

ಆಮೇಲೆ ಮನೆಯಲ್ಲಿ ನಗು ಬರಲಿಲ್ಲ, ಅಲ್ಲವೇ? ಊಟಕ್ಕೆ ಕೂತಾಗಲೇ ತಿಳಿದದ್ದು, ಇಷ್ಟು ವರ್ಷ ನಾವು ಮಾತಾಡಿದ್ದೆಲ್ಲ ಆಂಟೆನಾ, ಗಾಳಿ, ವೃತ್ತ. ಅದನ್ನು ತೆಗೆದಿಟ್ಟರೆ ಉಳಿದದ್ದು ಬಚ್ಚಲ ನಲ್ಲಿ. “ನಲ್ಲಿ ಇನ್ನೂ ತೊಟ್ಟಿಕ್ತಿದೆ.” “ನೋಡ್ತೀನಿ.” “ನೋಡ್ದೆ, ತೊಟ್ಟಿಕ್ತಿದೆ.” ಅಷ್ಟೇ ಸಂಸಾರ. ನಾನು ಈ ಬಯಲಿಗೆ ಬಂದ ಮೇಲೆ ಇಲ್ಲಿಯ ಅಡುಗೆಮನೆಯ ತಂತಿ ಫೋನಿನಲ್ಲೂ ಅದೇ ನಲ್ಲಿ ಪುರಾಣ. ನಿಮ್ಮಮ್ಮ ಒಂದು ದಿನ ಫೋನು ಕಿತ್ತುಕೊಂಡು ಕೇಳಿದ್ದರು: “ಅಲ್ಲ ಕಣೇ, ಗಂಡ ಹೆಂಡತಿ ಮಾತಾಡ್ಬಾರ್ದು ಅಂತ ಸಂಬಳ ಕೊಡೋ ಕೆಲಸ ಇದೆ ಅಂತ ಮೊದ್ಲೇ ಗೊತ್ತಿದ್ದಿದ್ರೆ ನಾನೂ ಸೇರ್ಕೊಳ್ತಿದ್ನಲ್ಲ!” ಮಾವನವರು ಹಿಂದಿನಿಂದ ಕೆಮ್ಮಿದ್ದು ನನಗೂ ಕೇಳಿಸಿತು.

ಈಗ ವಿಷಯಕ್ಕೆ ಬರಲೇಬೇಕು. ನಾಲ್ಕು ಸಲ ಬಂದು ನಾಲ್ಕು ಸಲ ವಾಪಸು ಹೋದೆ, ಹರಿದ ಹಾಳೆಗಳು ಕುರ್ಚಿಯ ಕೆಳಗಿವೆ.

ಮೂರು ಕಿವಿ ನಿಯಮದ ವಿಷಯ.

ಆ ನಿಯಮ ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ಬಯಲಿನ ಒಂದು ಗುಂಪಿಗೆ ಹೊಸ ಸದ್ದೊಂದು ಮೇಲಿಂದ ಮೇಲೆ ಕೇಳಿಸತೊಡಗಿ, ನಮ್ಮ ದೊಡ್ಡವರೆಲ್ಲ ಇದು ಯಾರೂ ಕಾಣದ ಬಗೆಯ ಕಿರಣ ಎಂದು ಕುಣಿಯುತ್ತಿದ್ದರು. ಒಬ್ಬರಂತೂ ಅದಕ್ಕೆ ಹೆಸರೂ ಇಟ್ಟಿದ್ದರು. ನೀನು ಹಿಂದಿನ ಸಾಲಿನಿಂದ ಎದ್ದು, “ಪಕ್ಕದ ಗುಂಪಿಗೆ ಯಾಕೆ ಕೇಳಿಸ್ತಿಲ್ಲ?” ಎಂದೆ. ಹೋಗಿ ನೋಡಿದರೆ ದನದ ದೊಡ್ಡಿಯ ಕರೆಂಟು ಬೇಲಿ! ಹುಲ್ಲು ತಾಗಿದಾಗೆಲ್ಲ ಚಟ್ ಎನ್ನುತ್ತಿತ್ತು. ಹೆಸರಿಟ್ಟವರು ಒಂದು ವಾರ ಯಾರ ಮುಖವನ್ನೂ ನೋಡಲಿಲ್ಲ. ಅವತ್ತಿನಿಂದ ಆಂಟೆನಾ ಗುಂಪಿಗೆ ‘ಕಿವಿ’ ಎಂದು ಹೆಸರು ಬಿತ್ತು, ಕನಿಷ್ಠ ಮೂರು ಕಿವಿಗೆ ಕೇಳಿಸದ ಸದ್ದನ್ನು ಆಕಾಶದ್ದೆಂದು ನಂಬಬಾರದು ಎಂಬ ನಿನ್ನ ಮಾತು ನಿಯಮವಾಯಿತು. ನಿನಗೂ ಆ ಹೆಸರೇ ಅಂಟಿತು. ನಾನು ನಿನ್ನನ್ನು ಮೆಚ್ಚಿದ್ದು ಅವತ್ತೇ. ಬೀಗದಮ್ಮ, ಈ ಸಾಲನ್ನು ನೀವು ಬಿಟ್ಟು ಓದಬಹುದು. ಬಿಡುವುದಿಲ್ಲ, ಗೊತ್ತು.

ಈ ಋತುವಿನಲ್ಲಿ ಎರಡು ಕಿವಿಗಳ ನಡುವಿನ ಖಾಲಿ ಜಾಗದಲ್ಲಿ ಹೊಸ ಆಂಟೆನಾಗಳನ್ನು ಒತ್ತೊತ್ತಾಗಿ ನೆಟ್ಟಿದ್ದೇವೆ, ನಿನಗೂ ಗೊತ್ತು. ಪರೀಕ್ಷೆಗೆಂದು ನೆಟ್ಟವು. ಮರಿ ಕಿವಿ ಎನ್ನುತ್ತೇವೆ. ಅವು ಕೇಳಿದ್ದನ್ನು ಹಳೆಯ ದಾಖಲೆಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಮಾತು ಹೇಳುತ್ತವೆಯೇ ನೋಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಮರಿ ಕಿವಿಗಳಿಗೆ ಒಂದು ಸೊಗಸಾದ ಸದ್ದು ಕೇಳಿಸಿತ್ತು. ಎಲ್ಲ ಮರಿಗಳಿಗೂ, ಒಂದರ ಹಿಂದೆ ಒಂದರಂತೆ, ಮೇಲಿನಿಂದ ಓರೆಯಾಗಿ ಬಂದದ್ದು. ಬೇಲಿಯಲ್ಲ, ಗಾಡಿಯಲ್ಲ, ಅಪ್ಪಟ ಆಕಾಶದ್ದು. ನಮ್ಮ ದಾಖಲೆಯಲ್ಲಿ ಹುಡುಕಿದೆ, ಇಲ್ಲ. ಕೊನೆಗೆ, ಬೇಡವೆಂದು ತಳ್ಳಿದ ಸದ್ದುಗಳ ದಾಖಲೆಯನ್ನು ಹಾಕಿಡುವ ನಮ್ಮ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಮೂರು ಕಿವಿ ನಿಯಮ ಅದನ್ನು ಅಲ್ಲಿಗೆ ಎಸೆದಿತ್ತು, ಹಳೆಯ ಗುಂಪುಗಳಲ್ಲಿ ಎರಡಕ್ಕೆ ಮಾತ್ರ ಅದು ಅಂಚಿನಲ್ಲಿ ಕೇಳಿಸಿತ್ತು.

ಒಂದು ಇರಬಹುದು, ಬಿಡು ಎಂದುಕೊಂಡೆ. ಮರುದಿನ ಇನ್ನೊಂದು. ಆಮೇಲೆ ಬುಟ್ಟಿಯನ್ನೇ ನೆಲಕ್ಕೆ ಸುರಿದುಕೊಂಡು ಕೂತೆ. ಮರಿ ಕಿವಿಗಳು ಹೌದೆಂದದ್ದನ್ನೆಲ್ಲ ಆರಿಸಿ ಜೋಡಿಸಿದರೆ ಎಲ್ಲವೂ ಒಂದೇ ಬಗೆ. ಚಿಕ್ಕ ವೃತ್ತ, ಗಟ್ಟಿ ವೃತ್ತ. ನಮ್ಮ ಕಿವಿಗಳ ನಡುವಿನ ಅಂತರ ದೊಡ್ಡದು, ಈ ವೃತ್ತಗಳು ಚಿಕ್ಕವು. ಮೂರು ಕಿವಿಯನ್ನು ಮುಟ್ಟಲು ಅವಕ್ಕೆ ಮೈಯೇ ಸಾಲದು. ಅಗಲದ ವೃತ್ತ ಆರಾಮವಾಗಿ ಮೂರನ್ನೂ ಮುಟ್ಟಿ ಒಳಗೆ ಬರುತ್ತದೆ. ನಿನ್ನ ನಿಯಮ ಬೇಲಿಯ ಸದ್ದನ್ನು ಹೊರಗಿಟ್ಟದ್ದು ನಿಜ, ಅದರ ಜೊತೆಗೇ ಹಗುರದ ಕಣಗಳ ದೊಡ್ಡ ಪಾಲನ್ನೂ ಹೊರಗೆ ದಬ್ಬಿದೆ.

ಮುಂದಿನದು ನಿನಗೆ ಈಗಾಗಲೇ ಹೊಳೆದಿರಬೇಕು. ನನಗೂ ಹಾಗೇ ಹೊಳೆಯಿತು. ಎರಡು ತಂಡ ಮಾಡುವ ಮೊದಲೇ, ಮಾಹಿತಿಯನ್ನು ಶುಚಿ ಮಾಡಿ ಹಂಚುವಾಗಲೇ, ಆ ನಿಯಮ ಬಳಸಿದ್ದೇವೆ. ಒಂದೇ ಜರಡಿಯಿಂದ ಬಂದದ್ದನ್ನು ಎರಡು ಮನೆಗೆ ಹಂಚಿ, ಇಬ್ಬರ ಅಡುಗೆಯ ರುಚಿ ಒಂದೇ ಇದೆಯೇ ನೋಡೋಣ ಎಂದು ಕೂತಿದ್ದೇವೆ. ನಮ್ಮ ಉತ್ತರ ನನಗೆ ಗೊತ್ತಿಲ್ಲ, ನಿಮ್ಮದು ನಿನಗೆ ಗೊತ್ತಿಲ್ಲ. ಆದರೂ ನಾಡಿದ್ದು ಪೆಟ್ಟಿಗೆ ತೆರೆದಾಗ ಎರಡೂ ಹೊಂದುತ್ತವೆ, ಎರಡೂ ಭಾರದ ಕಡೆಗೇ ವಾಲುತ್ತವೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಒಬ್ಬರನ್ನೊಬ್ಬರು ನೋಡದೆ ಒಂದೇ ಉತ್ತರಕ್ಕೆ ಬಂದರಲ್ಲ, ಇನ್ನೇನು ಸಾಕ್ಷಿ ಬೇಕು ಎನ್ನುತ್ತಾರೆ. ಅದೇ ಸಭೆಯಲ್ಲಿ, ಮುಂದೆ ಆಂಟೆನಾ ನೆಡಲಿರುವ ಹೊಸ ದೊಡ್ಡ ಬಯಲಿನ ಹೊಣೆಯನ್ನು ನಿನಗೆ ಕೊಡುತ್ತಾರೆ ಎಂಬುದೂ ಎಲ್ಲರಿಗೂ ಗೊತ್ತು. ಆ ಕೆಲಸಕ್ಕೆ ನೀನು ಎಷ್ಟು ಕಾದಿದ್ದೀಯ ಎಂಬುದು ಮಾತ್ರ ನನ್ನೊಬ್ಬಳಿಗೆ ಗೊತ್ತು.

ಹೋದ ವಾರ ಮನೆಗೆ ಬಂದಾಗ ನೀನು ಕನ್ನಡಿಯ ಮುಂದೆ ನಿಂತಿದ್ದೆ. ಒಳ್ಳೆಯ ಕೋಟು, ಕೆಳಗೆ ಮನೆಯ ಹಳೇ ಪೈಜಾಮ. “ಸನ್ಮಾನ್ಯ ಸಭಿಕರೇ” ಎಂದು ಕನ್ನಡಿಗೆ ಹೇಳುತ್ತಿದ್ದೆ. ನನ್ನನ್ನು ಕಂಡು ನಾಚಿ, “ಕೈ ಎಲ್ಲಿಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಕಣೇ” ಎಂದೆ. ಜೇಬಿನಲ್ಲಿಡು ಎಂದೆ ನಾನು. ತಡೆಯಲಾರದೆ, “ಒಂದ್ಮಾತು ಹೇಳ್ಬೇಕು” ಅಂದೆ. ನೀನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, “ಕೆಲಸದ್ದಾದ್ರೆ ಬೇಡಮ್ಮಾ! ಇಷ್ಟು ದಿನ ಕಾದಿದ್ದೀವಿ, ಇನ್ನೊಂದ್ ಸ್ವಲ್ಪ” ಎಂದು ನಕ್ಕೆ. ನಿಯಮ ಅಂದರೆ ನಿನಗೆ ಪ್ರಾಣ. ನನಗೂ ಅದಕ್ಕೇ ನೀನು ಇಷ್ಟ, ಆವತ್ತು ಮಾತ್ರ ಒಂದು ಏಟು ಕೊಡಬೇಕೆನಿಸಿತು.

ಆಮೇಲೆ ನಾನು ಮಾಡಿದ್ದು ಬೀಗದಮ್ಮನಿಗೆ ಹಿಡಿಸದು, ಆದರೂ ಹೇಳುತ್ತೇನೆ. ಅಡುಗೆಮನೆಯಲ್ಲಿ ಕಾಳು ಜರಡಿ ಹಿಡಿಯುತ್ತ ನಿನ್ನನ್ನು ಕರೆದೆ. “ಇಲ್ನೋಡು, ಧೂಳಿನ ಜೊತೆ ಸಣ್ಣ ಕಾಳೂ ಕೆಳಗೆ ಹೋಗ್ತಿದೆ” ಎಂದು ಬೇಕೆಂದೇ ಗಟ್ಟಿಯಾಗಿ ಹೇಳಿದೆ. ಕಣ್ಣಲ್ಲಿ ಎಷ್ಟು ಅರ್ಥ ತುಂಬಬಹುದೋ ಅಷ್ಟನ್ನೂ ತುಂಬಿದ್ದೆ. ನೀನು ಬಗ್ಗಿ ನೋಡಿ, “ಸಣ್ಣದು ಹೋದ್ರೆ ಹೋಗ್ಲಿ ಬಿಡು, ದಪ್ಪದ್ದು ಉಳ್ದಿದ್ಯಲ್ಲ” ಎಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಹೋದೆ. ನಾನು ನಗಲೋ ಅಳಲೋ ತಿಳಿಯದೆ ಜರಡಿ ಹಿಡಿದುಕೊಂಡೇ ನಿಂತಿದ್ದೆ. ನಿಮ್ಮಮ್ಮ ಬಂದು, “ಕಾಳಲ್ಲಿ ಹುಳ ಇದ್ಯೇನೇ?” ಎಂದರು. ಇದೆ ಎಂದೆ.

ಅಲ್ಲಿಂದ ಇಲ್ಲಿಗೆ ಬಂದ ಮೇಲೆ ನಿದ್ದೆಯೂ ಸರಿಯಿಲ್ಲ, ಊಟವೂ ಸರಿಯಿಲ್ಲ. ಒಂದೇ ದಾರಿಯಲ್ಲಿ ಗಾಣದೆತ್ತಿನ ಹಾಗೆ ತಿರುಗುತ್ತಿದ್ದೇನೆ. ನಿನಗೊಬ್ಬನಿಗೇ ಗುಟ್ಟಾಗಿ ಹೇಳಿಬಿಟ್ಟರೆ? ನೀನೇ ಎದ್ದು ನಿಂತು ‘ನನ್ನ ನಿಯಮದಲ್ಲಿ ನಾನೇ ತಪ್ಪು ಕಂಡೆ’ ಎನ್ನಬಹುದು, ನಿನ್ನ ಮರ್ಯಾದೆ ಉಳಿಯುತ್ತದೆ, ಇನ್ನೂ ಹೆಚ್ಚಲೂಬಹುದು. ಆದರೆ ಗಂಡ ಹೆಂಡತಿ ಒಳಗೊಳಗೇ ಮಾತಾಡಿಕೊಂಡರು ಎಂದು ಒಬ್ಬರಿಗೆ ಗೊತ್ತಾದರೂ ಎರಡೂ ತಂಡದವರ ಇಷ್ಟು ದಿನದ ಕೆಲಸ ನೀರಲ್ಲಿ ಹೋಮ. ಯಾರಿಗೂ ಗೊತ್ತಾಗದಿದ್ದರೂ ನಮಗೆ ಗೊತ್ತಿರುತ್ತದಲ್ಲ, ಆಮೇಲೆ ಒಂದೇ ತಟ್ಟೆಯಲ್ಲಿ ಉಂಡರೂ ಗಂಟಲಲ್ಲಿ ಇಳಿಯದು. ಸುಮ್ಮನಿದ್ದುಬಿಟ್ಟರೆ? ಉತ್ತರ ಅಚ್ಚಾಗುತ್ತದೆ, ನಿನ್ನ ಹೆಸರು ಮೇಲೆ, ನನ್ನದು ಅದರ ಕೆಳಗೆ. ಮುಂದೆ ಬೇರೆ ಯಾವುದೋ ಬಯಲಿನವರು ನಮ್ಮ ಕಸದ ಬುಟ್ಟಿಯನ್ನು ಕೆದಕಿ ಜಗತ್ತಿಗೇ ತೋರಿಸುತ್ತಾರೆ. ಆ ದಿನ ನೀನು ನನ್ನನ್ನು ಕೇಳುವ ಪ್ರಶ್ನೆ ನನಗೆ ಈಗಲೇ ಕೇಳಿಸುತ್ತಿದೆ. ‘ನಿಂಗೆ ಗೊತ್ತಿತ್ತಾ?’ ಅದಕ್ಕೆ ಉತ್ತರ ಹೇಳುವ ಧೈರ್ಯ ನನಗಿಲ್ಲ.

ಉಳಿದದ್ದು ಒಂದೇ, ಎಲ್ಲರೆದುರಿಗೆ ಇಡುವುದು. ಜರಡಿಯಲ್ಲಿ ತಪ್ಪಿದೆ ಎಂದು ಯಾರಿಗೆ ಕಂಡರೂ ಪೆಟ್ಟಿಗೆ ತೆರೆಯುವ ಮೊದಲು ಬೀಗದಮ್ಮನಿಗೆ ಬರೆದುಕೊಡಬಹುದು, ಅವರು ಅದನ್ನು ಎರಡೂ ತಂಡದವರು ನೋಡುವ ಹಾಗೆ ಹಲಗೆಗೆ ಹಾಕುತ್ತಾರೆ. ಅದನ್ನೇ ಮಾಡಿದ್ದೇನೆ. ಸಿದ್ಧವಾಗಿರುವ ಇನ್ನೊಂದು ಲಕೋಟೆ ಅದು. ತೆರೆಯುವ ದಿನವನ್ನು ಮುಂದೂಡಬೇಕು, ಬುಟ್ಟಿಯಲ್ಲಿರುವುದನ್ನೆಲ್ಲ ಮತ್ತೆ ನೋಡಬೇಕು ಎಂದು ನನ್ನೊಬ್ಬಳ ಸಹಿ ಹಾಕಿ ಕೇಳಿದ್ದೇನೆ. ‘ಒಂದು ನಿಯಮ’ ಎಂದಷ್ಟೇ ಬರೆದು ಜಾರಿಕೊಳ್ಳಲು ನೋಡಿದೆ. ಓದಿದವರು ಮೊದಲು ಕೇಳುವುದೇ ಯಾವ ನಿಯಮ ಎಂದು. ಹೊಡೆದು ಹಾಕಿ ‘ಮೂರು ಕಿವಿ ನಿಯಮ’ ಎಂದೇ ಬರೆದೆ. ಬರೆದ ಮೇಲೆ ಎದ್ದು ಹೋಗಿ ಬಯಲಿನ ಆ ತುದಿಯವರೆಗೆ ನಡೆದು ಬಂದೆ. ಗಾಳಿ ಜೋರಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದಿಟ್ಟುಕೋ.

ಫೋನು ಮಾಡಿ ಬೀಗದಮ್ಮನನ್ನು ಅಂಗಲಾಚಿದೆ. “ಅಮ್ಮ, ಅವನಿಗೆ ಈ ಕಾಗದ ಸ್ವಲ್ಪ ಮೊದ್ಲು ಕೊಡ್ತೀರಾ? ಹಲಗೆ ನೋಡೋ ಮೊದ್ಲು?” ಎಂದೆ. “ಎಲ್ಲರಿಗೂ ಒಂದೇ ಹೊತ್ತಿಗೆ” ಎಂದರು. “ಅವನು ನನ್ನ ಗಂಡ” ಎಂದೆ. “ಅದಕ್ಕೇ” ಎಂದರು. ಸರಿಯಾಗಿಯೇ ಹೇಳಿದರು, ಅದಕ್ಕೇ ಇನ್ನೂ ಸಿಟ್ಟು ಬಂತು.

ಹಾಗಾಗಿ ನೀನು ಇದನ್ನು ಓದುವಾಗ ಕಚೇರಿಯ ಪಡಸಾಲೆಯಲ್ಲಿ ನಿಂತಿರುತ್ತೀಯ. ಪಕ್ಕದಲ್ಲಿ ಎಲ್ಲರೂ ಹಲಗೆಯಲ್ಲಿ ಅದೇ ಸಂಗತಿಯನ್ನು ಒಣ ಮಾತಿನಲ್ಲಿ ಓದುತ್ತಿರುತ್ತಾರೆ, ಒಬ್ಬೊಬ್ಬರೇ ನಿನ್ನ ಕಡೆ ತಿರುಗುತ್ತಿರುತ್ತಾರೆ. ಗೋಡೆಯ ಕಡೆ ಮುಖ ಮಾಡಿಕೋ. ಅವರು ಕಾಯಲಿ. ಬೇಲಿಯ ಸದ್ದಿಗೆ ಹೆಸರಿಟ್ಟವರು ಇವತ್ತಿಗೂ ನಮ್ಮ ನಡುವೆ ಓಡಾಡಿಕೊಂಡಿದ್ದಾರೆ, ಯಾರೂ ಅವರ ತಲೆ ತೆಗೆದಿಲ್ಲ. ಹೊಸ ಬಯಲಿನ ಹೊಣೆ ನಿನ್ನ ಕೈತಪ್ಪಬಹುದು, ಅದನ್ನು ನಾನು ಸಕ್ಕರೆ ಸುತ್ತಿ ಹೇಳಲಾರೆ. ತಪ್ಪಿದರೆ ಅದಕ್ಕೆ ಕಾರಣ ನನ್ನ ಸಹಿ. ಇನ್ನೊಬ್ಬರು ಹಾಕಿದ್ದರೆ ಚೆನ್ನಾಗಿತ್ತು ಎಂದು ಬೆಳಗಿನಿಂದ ಎಷ್ಟು ಸಲ ಅಂದುಕೊಂಡೆನೋ. ಆಮೇಲೆ ಅನಿಸಿತು, ಬೇರೆಯವರು ಬರೆದಿದ್ದರೆ ಆ ನಿಯಮ ನಮ್ಮನ್ನು ಎಷ್ಟು ಸಲ ಕಾಪಾಡಿದೆ ಎಂಬ ಸಾಲು ಅದರಲ್ಲಿ ಇರುತ್ತಿರಲಿಲ್ಲ. ನಾನು ಬರೆದಿದ್ದೇನೆ. ಬೀಗದಮ್ಮ ಅದನ್ನು ಹೊಡೆದು ಹಾಕದಿದ್ದರೆ ಹಲಗೆಯಲ್ಲೂ ಇರುತ್ತದೆ, ಎರಡನೆಯ ಪುಟದ ಮೇಲ್ಗಡೆ ನೋಡು.

ಸಣ್ಣ ವೃತ್ತಗಳನ್ನು ಒಳಗೆ ಬಿಟ್ಟುಕೊಂಡು ಬೇಲಿಯನ್ನು ಹೊರಗಿಡುವ ಜರಡಿಯೊಂದು ಈಗ ಬೇಕು. ಹೇಗೆ ಮಾಡುವುದೋ ನನಗೆ ಹೊಳೆಯುತ್ತಿಲ್ಲ. ಹೊಳೆದರೂ ನಿನಗೆ ಹೇಳುವ ಹಾಗಿಲ್ಲ.

ಜೀಪಿನವರು ಆಗಲೇ ಎರಡು ಸಲ ಹಾರ್ನ್ ಮಾಡಿದರು. “ಅಕ್ಕಾ, ಕಾಗದ ಬರೀತಿದ್ದೀರೋ ಪುರಾಣ ಬರೀತಿದ್ದೀರೋ?” ಎಂದು ಕೂಗುತ್ತಿದ್ದಾರೆ. ಕೊಡಲೋ ಬೇಡವೋ ಎಂದು ಕೈ ಇನ್ನೂ ಹಿಂದೆ ಮುಂದೆ ನೋಡುತ್ತಿದೆ, ಅದಕ್ಕೇ ಬೇಗ ಬೇಗ ಮುಗಿಸುತ್ತೇನೆ. ನಾಳೆ ಇನ್ನೊಂದು ಟ್ರಿಪ್ಪಿಗೆ ನಾನೂ ಹೊರಟು ಮನೆಗೆ ಬರುತ್ತೇನೆ. ನಿನಗೆ ಸಿಟ್ಟು ಬಂದರೆ ಕೂಗುವವನಲ್ಲ ನೀನು, ಬಾಯಿ ಹೊಲಿದುಕೊಂಡು ಮನೆಯ ಈ ಕೋಣೆಯಿಂದ ಆ ಕೋಣೆಗೆ ಓಡಾಡುವವನು. ಅದೊಂದು ನನ್ನಿಂದ ತಡೆಯಲಾಗುವುದಿಲ್ಲ.

ಹಾಗಾಗಿ ಫೋನಿಡುವ ಮೊದಲು ಬೀಗದಮ್ಮನನ್ನು ಇನ್ನೊಂದು ಮಾತು ಕೇಳಿಕೊಂಡೆ. “ನಾಳೆ ಮನೇಲಿ ಅವನು ನನಗೆ ಬೈದ್ರೆ, ಅದು ಎರಡು ತಂಡದ ನಡುವಿನ ಕೆಲಸದ ಮಾತು ಅನ್ನಿಸ್ಕೊಳ್ಳುತ್ತಾ?” ತಂತಿಯ ಆ ಕಡೆ ನಿಯಮದ ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿಸಿತು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು, “ಅಂಕಿಸಂಖ್ಯೆ ಹೇಳದೆ ಬೈದ್ರೆ ಅಡ್ಡಿಯಿಲ್ಲ” ಎಂದರು.

ಅಪ್ಪಣೆ ಸಿಕ್ಕಿದೆ ಮಹಾರಾಯ. ಬಾಗಿಲು ತೆಗೆದ ಕೂಡಲೇ ಶುರು ಮಾಡು. ಬೇಕಾದಷ್ಟು ಬೈ. ಸುಮ್ಮನೆ ಮಾತ್ರ ಇರಬೇಡ.

ನಿನ್ನ ಮನಸ್ಸಿಗೆ ಬೇಗ ನೆಮ್ಮದಿ ಸಿಗಲಿ, ನನ್ನದಕ್ಕಿಂತ ಮೊದಲೇ ಸಿಗಲಿ ಎಂದು ಹಾರೈಸುತ್ತ,

ಎದುರು ತಂಡದಲ್ಲಿರುವ
ನಿನ್ನ ಹೆಂಡತಿ